ಆರೋಗ್ಯಕಾರ್ಯಗಳಿಗೆ ಹೆಸರಿಡುವ ಬಗೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಉತ್ಸವಗಳಲ್ಲಿ ಕನ್ನಡ ಪಂಡಿತನಾದವನು ಕವಿಯನ್ನು ಕುರಿತೋ ಕಾವ್ಯವನ್ನು ಕುರಿತೋ ನಾಲ್ಕು ಮಾತನಾಡುವುದು ವಾಡಿಕೆ. ಕಾರ್ಯದರ್ಶಿಗಳು ನನ್ನನ್ನು ಕರೆಯಲು ಬಂದಾಗ ಅವರ ಮನಸ್ಸಿನಲ್ಲಿಯೂ ಅದೇ ಇದ್ದಿತು. ಸಾರ್ವಜನಿಕ ಆರೋಗ್ಯಕಾರ್ಯಗಳ ವರ್ಗೀಕರಣವನ್ನು ಕುರಿತು ಮಾತನಾಡುವೆನೆಂದಾಗ ಅವರು ಒಂದು ಕ್ಷಣ ಸುಮ್ಮನಾಗಿ, "ಪಂಡಿತರೆ, ಇದು ಡಾಕ್ಟರರ ವಿಷಯವಲ್ಲವೆ?" ಎಂದರು. ವರ್ಗೀಕರಣವು ಡಾಕ್ಟರರ ಕೈಗೆ ಹೋಗುವುದಕ್ಕೆ ಎಷ್ಟೋ ಮೊದಲು ವೈಯಾಕರಣರ ಕೈಯಲ್ಲಿದ್ದಿತು ಎಂದು ನಾನು ಉತ್ತರ ಕೊಟ್ಟೆ. ಆಡಿದ ಮಾತನ್ನು ಈಗ ತಮ್ಮೆದುರಿಗೆ ಸಮರ್ಥಿಸಿಕೊಳ್ಳಬೇಕಾಗಿದೆ.

ಈ ವಿಚಾರ ನನ್ನ ತಲೆಯನ್ನು ಹೊಕ್ಕದ್ದು ಪುಸ್ತಕದಿಂದಲ್ಲ. ಒಂದು ಮಳೆಗಾಲದಲ್ಲಿ, ಶಾಲೆಗೆ ಬರುವುದನ್ನು ಬಿಟ್ಟ ಹುಡುಗನೊಬ್ಬನನ್ನು ಹುಡುಕಿಕೊಂಡು ಗಡಿಯ ಹಳ್ಳಿಯೊಂದಕ್ಕೆ ಹೋಗಿದ್ದೆನು. ಅಲ್ಲಿಯ ಆಶಾ ಕಾರ್ಯಕರ್ತೆ ಮರಾಠಿ ಮನೆಮಾತಿನ ಹೆಣ್ಣುಮಗಳು. ನನ್ನನ್ನು ಕಂಡೊಡನೆ, "ಗುರೂಜಿ, ಈ ಮನೆಯ ಅಜ್ಜಿಗೆ ನನ್ನ ಮಾತು ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ನೀವು ಕನ್ನಡದಲ್ಲಿ ಹೇಳಿಕೊಡಿರಿ" ಎಂದು ಕೈಮುಗಿದಳು. ಅಜ್ಜಿಯ ಮೊಮ್ಮಗುವಿಗೆ ಹಿಂದಿನ ಸಲ ಲಸಿಕೆ ಹಾಕಿದಾಗ ಜ್ವರ ಬಂದು ಎರಡು ರಾತ್ರಿ ಅತ್ತಿದ್ದಿತಂತೆ. ಈ ಸಲ ಆಕೆ ಕೂಸನ್ನು ಮಡಿಲಿನಿಂದ ಇಳಿಸಲೊಲ್ಲಳು. ನಾವಿಬ್ಬರೂ ಎರಡು ತಾಸು ಕುಳಿತೆವು. ಆಕೆಯ ಸತ್ತ ಮಗುವೊಂದರ ಕಥೆ ಬಂದಿತು, ಮಳೆಯ ಮಾತು ಬಂದಿತು, ತೊಗರಿಯ ಧಾರಣೆ ಬಂದಿತು. ಕೊನೆಗೆ ಅಜ್ಜಿ, "ನೋಡೋಣ" ಎಂದಳು. ಅಷ್ಟೆ. ಆ ದಿನ ಲಸಿಕೆ ಆಗಲಿಲ್ಲ.

ಸಂಜೆ ಆ ಹೆಣ್ಣುಮಗಳು ಕಟ್ಟೆಯ ಮೇಲೆ ಕುಳಿತು ತನ್ನ ವಹಿಯನ್ನು ತುಂಬಿದಳು. ಗರ್ಭಿಣಿಯರ ಸಂಖ್ಯೆಗೆ ಒಂದು ಮನೆ, ಹೆರಿಗೆಗೆ ಒಂದು ಮನೆ, ಲಸಿಕೆ ಪಡೆದ ಕೂಸುಗಳಿಗೆ ಒಂದು ಮನೆ. ಎರಡು ತಾಸಿನ ಆ ಮಾತುಕತೆಗೆ ಮನೆಯೇ ಇರಲಿಲ್ಲ. ಲಸಿಕೆಯ ಕೆಳಗೆ ಸೊನ್ನೆಯನ್ನು ಬರೆದು ವಹಿಯನ್ನು ಮುಚ್ಚಿದಳು. ಮುಂದೆ ಮೂರನೆಯ ಭೇಟಿಯಲ್ಲಿ ಅಜ್ಜಿ ಒಪ್ಪಿದಳೆಂದು ಕೇಳಿದೆ. ಆಗ ವಹಿಯಲ್ಲಿ ಸೊನ್ನೆಯ ಬದಲಿಗೆ ಒಂದು ಬಿದ್ದಿರಬೇಕು. ಓದಿದವರಿಗೆ, ಸೂಜಿಯೊಂದು ಚುಚ್ಚಿತು, ಕೆಲಸವಾಯಿತು ಎಂದು ತೋರುವುದೇ ಹೊರತು ಮೂರು ದಿನಗಳ ಶ್ರಮ ಎಲ್ಲಿಯೂ ಕಾಣುವುದಿಲ್ಲ.

ಇದನ್ನು ಬರಿಯ ಬರೆಹದ ಲೋಪವೆಂದು ತಳ್ಳಿಹಾಕುವಂತಿಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಹುಟ್ಟಿದ ಈ ಆಶಾ ವ್ಯವಸ್ಥೆಯಲ್ಲಿ, ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬಳಂತೆ ಆಯಾ ಊರಿನ ಹೆಣ್ಣುಮಗಳೇ ಕೆಲಸಮಾಡುವಳು. ಆಕೆಗೆ ಸಂಬಳವೆಂಬುದಿಲ್ಲ. ನಿಯತವಾದ ಕೆಲವು ಕೆಲಸಗಳಿಗೆ ತಿಂಗಳಿಗೊಂದು ಮೊತ್ತ. ಉಳಿದುದೆಲ್ಲ ಕೆಲಸಕ್ಕೆ ಇಷ್ಟೆಂಬ ಪ್ರೋತ್ಸಾಹಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಲಕ್ಷಾಂತರ ಹೆಣ್ಣುಮಕ್ಕಳಿಗೆ ಜಾಗತಿಕ ಪ್ರಶಸ್ತಿಯನ್ನಿತ್ತು ಗೌರವಿಸಿತು, ಸಂತೋಷ. ಆದರೆ ಪಟ್ಟಿಯಲ್ಲಿ ಹೆಸರಿರುವ ಕೆಲಸಕ್ಕೆ ಎಣಿಕೆಯುಂಟು, ಎಣಿಕೆಯಾದುದಕ್ಕೆ ಹಣವುಂಟು. ಹೆಸರಿಲ್ಲದ ಕೆಲಸವನ್ನು ಆಕೆ ಪುಣ್ಯಕ್ಕೆ ಮಾಡಬೇಕು, ಇಲ್ಲವೆ ಬಿಡಬೇಕು. ಆದುದರಿಂದ ಪಟ್ಟಿಯನ್ನು ಯಾರು, ಯಾವ ಕ್ರಮದಲ್ಲಿ ಮಾಡುತ್ತಾರೆಂಬುದು ಅನ್ನದ ಪ್ರಶ್ನೆಯೂ ಆಗಿದೆ.

ರೋಗಗಳನ್ನು ಹೆಸರಿಟ್ಟು ವಿಂಗಡಿಸುವ ವಿದ್ಯೆ ಮಾತ್ರ ಹಳೆಯದು. 1662ರಲ್ಲಿ ಲಂಡನ್ನಿನ ವರ್ತಕ ಜಾನ್ ಗ್ರಾಂಟನು ಆ ನಗರದ ಸಾವಿನ ಪಟ್ಟಿಗಳನ್ನು ಪರಿಶೀಲಿಸಿ ಪುಸ್ತಕ ಬರೆದನು. ಆ ಪಟ್ಟಿಗಳಲ್ಲಿ ಕೂಸುಗಳ ಸಾವಿಗೆ 'ಹಲ್ಲು' ಎಂಬುದೂ ಒಂದು ಕಾರಣವಾಗಿದ್ದಿತು! ನಗಬೇಡಿರಿ, ನಮ್ಮ ಕೇರಿಗಳಲ್ಲಿ ಇಂದಿಗೂ 'ಹಲ್ಲಿನ ಭೇದಿ' ಎನ್ನುವ ಮಾತು ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಫಾರ್ ಎಂಬಾತನು ಇಂತಹ ಗೊಂದಲವನ್ನು ತಿದ್ದಲು ಶ್ರಮಿಸಿದನು. 1893ರಲ್ಲಿ ಫ್ರೆಂಚ್ ವಿದ್ವಾಂಸ ಬರ್ಟಿಯಾನನು ಸಿದ್ಧಪಡಿಸಿದ ಸಾವಿನ ಕಾರಣಗಳ ಪಟ್ಟಿಯು ಹಲವು ದೇಶಗಳಿಗೆ ಮಾನ್ಯವಾಯಿತು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಭಾರವನ್ನು ವಹಿಸಿಕೊಂಡಿತು. ಅದರ ಹನ್ನೊಂದನೆಯ ಪರಿಷ್ಕರಣವು 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಹೀಗೆ ರೋಗಕ್ಕೆ ನೂರಾರು ವರ್ಷಗಳ ನಾಮಕರಣಶಾಸ್ತ್ರವುಂಟು. ರೋಗವನ್ನು ತಡೆಯಲು ಮನುಷ್ಯರು ಮಾಡುವ ಕೆಲಸಕ್ಕೆ ಅಂತಹ ಶಾಸ್ತ್ರ ಹುಟ್ಟಿದ್ದು ತೀರ ಈಚೆಗೆ.

ಇದರಿಂದ ಆಗುವ ಹಾನಿಯನ್ನು ತಿಳಿಯಲು ನಮ್ಮ ಸೀಮೆಯ ಹಿರಿಯರೆಲ್ಲರೂ ಬಲ್ಲ ಒಂದು ಉದಾಹರಣೆ ಸಾಕು: ನಾರುಹುಣ್ಣು. ಮರಾಠಿಯವರು 'ನಾರೂ' ಎನ್ನುವರು. ಆ ಒಂದು ಪದದಲ್ಲಿ ಎರಡು ಭಾಷೆಗಳಿಗೂ ಜಗಳವಿಲ್ಲ. ಮೆಟ್ಟಿಲಿಳಿದು ನೀರು ತರುವ ಬಾವಿಗಳು, ಅಂದರೆ ಮರಾಠಿಯ ಬಾರವಗಳು, ಈ ರೋಗಕ್ಕೆ ತವರು. ಹುಣ್ಣಾದ ಕಾಲನ್ನು ನೀರಿನಲ್ಲಿ ಊರಿದೊಡನೆ ಹುಳುವು ತನ್ನ ಮರಿಗಳನ್ನು ನೀರಿಗೆ ಬಿಡುವುದು. ಕಣ್ಣಿಗೆ ಕಾಣದಂತಹ ನೀರುಚಿಗಟಗಳು ಅವನ್ನು ನುಂಗುವುವು. ಆ ನೀರನ್ನು ಕುಡಿದವನ ಮೈಯಲ್ಲಿ ಮರಿ ಬೆಳೆದು, ಸುಮಾರು ಒಂದು ವರ್ಷದ ಮೇಲೆ, ಎರಡು ಮೂರು ಅಡಿಯ ಹುಳುವಾಗಿ ಅವನ ಕಾಲಿನಿಂದ ಹೊರಬರುವುದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಅಂಗುಲದಂತೆ ಎಳೆಯಬೇಕು, ಹರಿದರೆ ಕೆಟ್ಟಿತು. ಬಿತ್ತನೆಯ ಕಾಲದಲ್ಲಿಯೇ ಹೊಲದೊಡೆಯನು ಅಟ್ಟವನ್ನು ನೋಡುತ್ತ ಮಲಗಿರಬೇಕಾಗುತ್ತಿದ್ದಿತು.

ಈ ರೋಗಕ್ಕೆ ಲಸಿಕೆಯಿಲ್ಲ, ಗುಣಪಡಿಸುವ ಔಷಧವೂ ಇಲ್ಲ. ಆದರೂ ಭಾರತದಲ್ಲಿ ಅದು ಅಳಿಯಿತು. ಮಹಾರಾಷ್ಟ್ರ, ಕರ್ನಾಟಕಗಳೆರಡೂ ಆ ಪೀಡೆಯ ನಾಡುಗಳ ಪಟ್ಟಿಯಲ್ಲಿದ್ದುವು. 1983-84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವು ಮೊದಲಾಯಿತು. 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡುಬಂದನು. 2000ದ ಫೆಬ್ರವರಿಯಲ್ಲಿ ದೇಶವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಗೆದ್ದುದು ಯಾವುದರಿಂದ? ಮೆಟ್ಟಿಲ ಬಾವಿಗಳನ್ನು ಕಟ್ಟೆಯೆತ್ತಿಸಿ ಸೇದುವ ಬಾವಿಗಳನ್ನಾಗಿ ಮಾಡಿದುದರಿಂದ, ಕೊಳವೆಬಾವಿಗಳನ್ನು ಕೊರೆದುದರಿಂದ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರೆಂದು ಮನೆಮನೆಗೆ ಹೇಳಿದುದರಿಂದ, ಬಾವಿಗೆ ಮದ್ದು ಹಾಕಿದುದರಿಂದ, ಹುಣ್ಣಾದವರನ್ನು ಹುಡುಕಿ ನೀರಿಗಿಳಿಯದಂತೆ ತಡೆದುದರಿಂದ.

ಈಗ ಗಮನಿಸಿರಿ. ಬಾವಿಗೆ ಕಟ್ಟೆ ಕಟ್ಟಿದವನು ಇಂಜಿನಿಯರು. ಆ ಕೆಲಸ ನೀರು ಸರಬರಾಜಿನ ಲೆಕ್ಕಕ್ಕೆ ಸೇರಿತು. ಹುಣ್ಣಾದವರನ್ನು ಎಣಿಸಿದವನು ಆರೋಗ್ಯ ಖಾತೆಯವನು. ಅದು ಇನ್ನೊಂದು ವಹಿ. ತರಗತಿಯಲ್ಲಿ ಬಟ್ಟೆಯ ಪಾಠ ಹೇಳಿದವನು ನನ್ನಂತಹ ಮಾಸ್ತರನು. ಅದು ಯಾವ ಲೆಕ್ಕಕ್ಕೂ ಸೇರಲಿಲ್ಲ. ಒಂದು ಪಿಡುಗನ್ನು ನಾಡಿನಿಂದ ಅಟ್ಟಿದ ಕಾರ್ಯ ಒಂದೇ ಆಗಿದ್ದರೂ ಅದರ ಕಥೆ ಮೂರು ಕಚೇರಿಗಳ ಕಪಾಟುಗಳಲ್ಲಿ ಹರಿದು ಹಂಚಿಹೋಯಿತು. ಮತ್ತೊಂದು ಪಿಡುಗು ಬಂದಾಗ, ಹಿಂದಿನ ಸಲ ಯಾವುದು ಎಷ್ಟು ಫಲಿಸಿತು ಎಂದು ಕೇಳಿದರೆ ಜೋಡಿಸಿ ಹೇಳುವುದು ಸುಲಭವಲ್ಲ. ನಾವು ಕೆಲಸಗಳನ್ನು ಕರ್ತೃವಿನ ಹೆಸರಿನಲ್ಲಿ, ಎಂದರೆ ಕಚೇರಿಯ ಹೆಸರಿನಲ್ಲಿ, ವಿಂಗಡಿಸುತ್ತ ಬಂದುದೇ ಇದಕ್ಕೆ ಕಾರಣ.

ಇಲ್ಲಿ ಒಂದು ಆಕ್ಷೇಪವುಂಟು. ಅದು ತೂಕದ ಆಕ್ಷೇಪ. ಬಾವಿಯೂ ಆರೋಗ್ಯ, ಚರಂಡಿಯೂ ಆರೋಗ್ಯ, ಅನ್ನವೂ ಆರೋಗ್ಯ, ಮನೆಯೂ ಆರೋಗ್ಯವೆಂದರೆ, ಆರೋಗ್ಯವಲ್ಲದ್ದು ಯಾವುದು? ಎಲ್ಲವನ್ನೂ ಒಳಗೊಂಡ ವರ್ಗವು ವರ್ಗವೇ ಅಲ್ಲ. ಈ ಭಯದಿಂದಲೇ ಇರಬೇಕು, ದೇಶದೇಶಗಳ ಆರೋಗ್ಯವೆಚ್ಚವನ್ನು ಹೋಲಿಸಲು 2011ರಲ್ಲಿ ಪರಿಷ್ಕೃತವಾದ ಲೆಕ್ಕದ ಕ್ರಮವು ಕುಡಿಯುವ ನೀರಿನ ವೆಚ್ಚವನ್ನು ಮುಖ್ಯ ಲೆಕ್ಕದ ಹೊರಗಿಟ್ಟಿದೆ. ಭಾರತದ ರಾಷ್ಟ್ರೀಯ ಆರೋಗ್ಯ ಲೆಕ್ಕಗಳೂ 2013-14ರಿಂದ ಆ ಕ್ರಮವನ್ನೇ ಅನುಸರಿಸುತ್ತಿವೆ. ಹಣದ ಲೆಕ್ಕಕ್ಕೆ ಅದು ಸರಿಯೇ. ಆದರೆ 2016ರ ಬೇಸಗೆಯಲ್ಲಿ ಮಿರಜಿನಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದುದನ್ನು ನಾವು ಕಣ್ಣಾರೆ ಕಂಡವರು. ಆ ರೈಲು ಆರೋಗ್ಯಕಾರ್ಯವಲ್ಲವೆಂದು ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದ ತಾಯಿಗೆ ಹೇಳುವ ಧೈರ್ಯ ನನಗಿಲ್ಲ. ಹಣದ ಪಟ್ಟಿ ಬೇರೆ, ಕಾರ್ಯದ ಪಟ್ಟಿ ಬೇರೆ ಆಗಿರಬೇಕೆಂಬುದೇ ಇದರಿಂದ ತಿಳಿಯತಕ್ಕದ್ದು.

ಹಾಗಾದರೆ ಕಾರ್ಯದ ಪಟ್ಟಿ ಹೇಗಿರಬೇಕು? ಇಲ್ಲಿಗೆ ನನ್ನ ಮನೆಯ ಅಂಗಳಕ್ಕೆ ಬಂದೆನು. ಒಂಬತ್ತನೆಯ ತರಗತಿಯ ಹುಡುಗರಿಗೆ ನಾನು ಪ್ರತಿವರ್ಷವೂ ಕಾರಕಗಳನ್ನು ಹೇಳಿಕೊಡುತ್ತೇನೆ. "ದಾದಿಯು ಅಂಗನವಾಡಿಯಲ್ಲಿ ಸೂಜಿಯಿಂದ ಕೂಸಿಗೆ ಲಸಿಕೆಯನ್ನು ಹಾಕಿದಳು." ದಾದಿ ಕರ್ತೃ, ಲಸಿಕೆ ಕರ್ಮ, ಸೂಜಿ ಕರಣ, ಕೂಸು ಸಂಪ್ರದಾನ, ಅಂಗನವಾಡಿ ಅಧಿಕರಣ, ಹಾಕಿದಳು ಎಂಬುದು ಕ್ರಿಯೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ ಮುಂತಾಗಿ ನುಡಿಯನ್ನು ಪ್ರಕರಣಗಳಲ್ಲಿ ಹಂಚಿದಾಗ, ಆ ಮಾತನ್ನು ಅರಸನು ಆಡಿದನೋ ಒಕ್ಕಲಿಗನು ಆಡಿದನೋ ಎಂದು ವಿಂಗಡಿಸಲಿಲ್ಲ. ಪದವು ವಾಕ್ಯದಲ್ಲಿ ಮಾಡುವ ಕೆಲಸವನ್ನು ನೋಡಿದನು.

ವಿಶ್ವ ಆರೋಗ್ಯ ಸಂಸ್ಥೆಯು 2007ರಿಂದ ಸಿದ್ಧಪಡಿಸುತ್ತ ಬಂದಿರುವ 'ಆರೋಗ್ಯಕ್ರಮಗಳ ಅಂತರರಾಷ್ಟ್ರೀಯ ವರ್ಗೀಕರಣ'ವನ್ನು ಓದಿದಾಗ ನನಗೆ ರೋಮಾಂಚವಾಯಿತೆಂದರೆ ತಾವು ನಂಬಲಾರಿರಿ. ಅದರಲ್ಲಿರುವ ಏಳು ಸಾವಿರಕ್ಕೂ ಮಿಕ್ಕ ಕ್ರಮಗಳಲ್ಲಿ ಪ್ರತಿಯೊಂದಕ್ಕೂ ಮೂರು ಅಂಗಗಳು: ಗುರಿ ಯಾವುದು, ಕ್ರಿಯೆ ಯಾವುದು, ಸಾಧನ ಯಾವುದು. ಗುರಿಗೆ ಮೂರು ಅಕ್ಷರ, ಕ್ರಿಯೆಗೆ ಎರಡು, ಸಾಧನಕ್ಕೆ ಎರಡು. ಏಳಕ್ಷರಗಳಲ್ಲಿ ಒಂದು ಕಾರ್ಯದ ಹೆಸರು ಮುಗಿಯಿತು. ನಮ್ಮ ಕಾರಕಪ್ರಕರಣವೇ ಬೇರೆ ವೇಷದಲ್ಲಿ ಬಂದಂತಿಲ್ಲವೆ? ಕೂದಲೆಳೆಯ ವ್ಯತ್ಯಾಸವೂ ಇಲ್ಲವೆಂದು ಹೇಳಲಾರೆನು. ಮೇಲಿನ ವಾಕ್ಯದಲ್ಲಿ ವ್ಯಾಕರಣದ ಕರ್ಮ ಲಸಿಕೆ. ಅವರ ಗುರಿಯಾದರೋ ಕೂಸಿನ ದೇಹ. ಆದರೂ ಮನೆತನ ಒಂದೇ.

ಆ ವರ್ಗೀಕರಣದಲ್ಲಿ ನಾಲ್ಕು ದೊಡ್ಡ ಭಾಗಗಳಿವೆ. ದೇಹದ ಅಂಗಗಳು ಮತ್ತು ವ್ಯಾಪಾರಗಳು ಮೊದಲನೆಯದು, ಮನುಷ್ಯನ ದಿನಚರಿ ಮತ್ತು ಸಮಾಜದೊಡನೆ ಅವನ ಬೆರೆಯುವಿಕೆ ಎರಡನೆಯದು, ಪರಿಸರ ಮೂರನೆಯದು, ಆರೋಗ್ಯಕ್ಕೆ ಸಂಬಂಧಿಸಿದ ನಡತೆ ನಾಲ್ಕನೆಯದು. ನಮ್ಮ ಬಾರವಕ್ಕೆ ಮೂರನೆಯದರಲ್ಲಿ ಸ್ಥಾನ ದೊರೆಯಿತು. ಅಜ್ಜಿಯೊಡನೆ ಕಳೆದ ಎರಡು ತಾಸಿಗೆ ನಾಲ್ಕನೆಯದರಲ್ಲಿ. ಕರ್ತೃವಿಗೆ ಮಾತ್ರ ಅಲ್ಲಿ ಸ್ಥಾನವಿಲ್ಲ. ಡಾಕ್ಟರನು ಮಾಡಲಿ, ದಾದಿ ಮಾಡಲಿ, ಆಸ್ಪತ್ರೆಯಲ್ಲಾಗಲಿ, ಮನೆಯ ಜಗಲಿಯಲ್ಲಾಗಲಿ, ಕಾರ್ಯದ ಹೆಸರು ಒಂದೇ. ಇದು ಕೊರತೆಯೆಂದು ಮೊದಲು ತೋರಿತು. ಯೋಚಿಸಿದಷ್ಟೂ ಅದೇ ಅದರ ಹಿರಿಮೆಯೆಂದು ಕಂಡಿತು. ಯಾರಿಗೆ ಎಷ್ಟು ಹಣ ಸಲ್ಲಬೇಕೆಂಬುದಕ್ಕೆ ಕರ್ತೃವಿನ ವಹಿ ಬೇರೆ ಇರಲಿ. ಆದರೆ ಕಾರ್ಯಕ್ಕೆ ಮೊದಲು ಅದರದೇ ಹೆಸರು ಬೇಕು.

ಇನ್ನೊಂದು ಸೂಕ್ಷ್ಮವನ್ನು ಕನ್ನಡಿಗನಾಗಿ ಹೇಳಲೇಬೇಕು. ಆ ಪಟ್ಟಿಯಲ್ಲಿ ತಿಳಿವಳಿಕೆ ಕೊಡುವುದು, ಸಲಹೆ ಹೇಳುವುದು, ಆಪ್ತಸಮಾಲೋಚನೆ ಮಾಡುವುದು, ತರಬೇತಿ ಕೊಡುವುದು ಇವೆಲ್ಲ ಬೇರೆ ಬೇರೆ ಕ್ರಿಯೆಗಳು. ನಮ್ಮ ಕಚೇರಿಗಳ ಭಾಷೆಯಲ್ಲಿ, ಗಡಿಯ ಈಚೆಗೂ ಆಚೆಗೂ, ಇವಿಷ್ಟಕ್ಕೂ 'ಜಾಗೃತಿ' ಎಂಬ ಒಂದೇ ಪದ! ಭಿತ್ತಿಪತ್ರ ಅಂಟಿಸಿದರೂ ಜಾಗೃತಿ, ಮೆರವಣಿಗೆ ಹೊರಟರೂ ಜಾಗೃತಿ. ಆದರೆ ನಮ್ಮ ಹಳ್ಳಿಯ ಕನ್ನಡವನ್ನು ಕೇಳಿರಿ: ತಿಳಿಹೇಳು, ಬುದ್ಧಿಹೇಳು, ಒಡಂಬಡಿಸು, ಧೈರ್ಯಹೇಳು, ಸಮಾಧಾನಪಡಿಸು. ಒಂದೊಂದೂ ಬೇರೆ ಕೆಲಸ. ಆ ಅಜ್ಜಿಗೆ ಲಸಿಕೆಯ ಸಂಗತಿ ತಿಳಿಯದೆ ಇರಲಿಲ್ಲ. ಆಕೆಗೆ ಬೇಕಾಗಿದ್ದುದು ತಿಳಿವಳಿಕೆಯಲ್ಲ, ಧೈರ್ಯ. ಜಾಗೃತಿಯ ಭಾಷಣ ಮಾಡಿದ್ದರೆ ನಮ್ಮನ್ನು ಜಗಲಿಯಿಂದ ಇಳಿಸುತ್ತಿದ್ದಳು.

ಈ ಪ್ರಶ್ನೆ ಗಡಿಯವರಾದ ನಮಗೆ ಇಮ್ಮಡಿಯಾಗಿ ತಟ್ಟುವುದು. ಸಾರ್ವಜನಿಕ ಆರೋಗ್ಯವು ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ನಿಲಂಗೆಯ ಹೆಣ್ಣುಮಗಳು ಹೆರಿಗೆಗೆ ಬೀದರಿನ ತವರಿಗೆ ಹೋದರೆ ಆಕೆಯ ಗರ್ಭಾವಸ್ಥೆ ಒಂದು ರಾಜ್ಯದ ವಹಿಯಲ್ಲಿ, ಹೆರಿಗೆ ಇನ್ನೊಂದರ ವಹಿಯಲ್ಲಿ. 2008ರಿಂದ ದೇಶಕ್ಕೆಲ್ಲ ಒಂದು ಮಾಹಿತಿವ್ಯವಸ್ಥೆ ಬಂದು ಬಹಳಷ್ಟು ನೆಟ್ಟಗಾಗಿದೆಯೆಂಬುದು ನಿಜ. ಆದರೆ ಅದು ಎಣಿಕೆಯ ವ್ಯವಸ್ಥೆ, ಕಾರ್ಯಗಳ ವ್ಯಾಕರಣವಲ್ಲ. ಸ್ಥಳದ ಹೆಸರುಗಳೂ ನಮ್ಮಲ್ಲಿ ನಿಂತಲ್ಲಿ ನಿಂತಿಲ್ಲ. ಉದಗೀರದ ಹಳೆಯ ಆರೋಗ್ಯದ ಅಂಕಿಗಳನ್ನು ಹುಡುಕುವವನು 1956ರವರೆಗೆ ಹೈದರಾಬಾದು ರಾಜ್ಯದ ಬೀದರ ಜಿಲ್ಲೆಯಲ್ಲಿ, ಆಮೇಲೆ ಮುಂಬಯಿ ರಾಜ್ಯದ ಉಸ್ಮಾನಾಬಾದಿನಲ್ಲಿ, 1960ರಿಂದ ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ, 1982ರಿಂದ ಲಾತೂರಿನಲ್ಲಿ ಹುಡುಕಬೇಕು. ಉಮರಗೆಯ ಜಿಲ್ಲೆಗೆ 2023ರಲ್ಲಿ ಧಾರಾಶಿವವೆಂದು ಹೆಸರಾಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳುಹಿಸಿ ಬಂದು ಜನ ಮಲಗಿದ್ದಾಗ, ಕಿಲ್ಲಾರಿಯ ಭೂಕಂಪವು ಹತ್ತಿರಹತ್ತಿರ ಹತ್ತು ಸಾವಿರ ಜನರನ್ನು ನುಂಗಿತು. 52 ಹಳ್ಳಿಗಳು ಇದ್ದ ಜಾಗದಿಂದಲೇ ಎದ್ದು ಬೇರೆಡೆ ನೆಲಸಿದುವು. ಊರೂ ಜಿಲ್ಲೆಯೂ ರಾಜ್ಯವೂ ಹೀಗೆ ಅಲುಗಾಡುವ ಕಡೆ, ಅಲುಗದ ಹೆಸರು ಬೇಕೆಂದರೆ ಅದು ಕಾರ್ಯದ ಹೆಸರು ಒಂದೇ.

ರೋಗದ ಹೆಸರುಗಳದು ಇನ್ನೊಂದು ಗಡಿ. ಮಗುವಿಗೆ ಮೈಮೇಲೆ ಕೆಂಪುಗುಳ್ಳೆ ಎದ್ದುದನ್ನು ಮೈಸೂರಿನ ಪುಸ್ತಕ 'ದಡಾರ' ಎನ್ನುವುದು, ನಮ್ಮ ತಾಯಂದಿರು 'ಗೊಬ್ಬರ' ಎನ್ನುವರು, ಮರಾಠಿಯಲ್ಲಿ 'ಗೋವರ'. ಹೊಸದಾಗಿ ದಕ್ಷಿಣದಿಂದ ಬಂದ ಡಾಕ್ಟರನಿಗೆ, ಮಗುವಿಗೆ ಗೊಬ್ಬರ ಎದ್ದಿದೆಯೆಂದರೆ ಹೊಲಕ್ಕೆ ಹಾಕುವ ಗೊಬ್ಬರವೇ ನೆನಪಾದರೆ ಅವನ ತಪ್ಪೇನು? ಕಾಮಾಲೆಗೆ ನಮ್ಮಲ್ಲಿ 'ಕಾಮಣಿ', ಮರಾಠಿಯಲ್ಲಿ 'ಕಾವೀಳ'. ಚಳಿಜ್ವರಕ್ಕೆ ಅಲ್ಲಿ 'ಹಿವತಾಪ'. ಕನ್ನಡದಲ್ಲಿ ತಾಯಿ ಹೇಳಿದುದನ್ನು ಮರಾಠಿಯಲ್ಲಿ ಕಾರ್ಯಕರ್ತೆ ಕೇಳಿಕೊಂಡು, ಇಂಗ್ಲಿಷಿನ ಅಂಕಣದಲ್ಲಿ ಮೇಲಿನವರು ತುಂಬುವಷ್ಟರಲ್ಲಿ ರೋಗವು ಮೂರು ವೇಷ ಬದಲಾಯಿಸಿರುತ್ತದೆ. ಇದರಲ್ಲಿ ಯಾವ ಭಾಷೆಯನ್ನೂ ದೂರುತ್ತಿಲ್ಲ. ಆ ಮರಾಠಿ ಹೆಣ್ಣುಮಗಳ ಸಹನೆಗೆ ನಾನು ಸಾಕ್ಷಿಯಾಗಿದ್ದವನು.

ಏಳಕ್ಷರದ ಆ ವರ್ಗೀಕರಣವನ್ನು ನಮ್ಮ ಸಂಘವು ಜಾರಿಗೆ ತರಲಾರದು; ಅದು ಸರಕಾರಗಳ ಕೆಲಸ. ಆದರೆ ಯಾವ ಪಟ್ಟಿಯಾದರೂ ಕೊನೆಗೆ ಜಗಲಿಯ ಮೇಲೆ ಕುಳಿತ ಅಜ್ಜಿಯ ಬಾಯಿಂದಲೇ ಮೊದಲಾಗಬೇಕು. ಆ ಮೊದಲ ಹೆಜ್ಜೆ ನಮ್ಮಿಂದ ಆಗಬಲ್ಲದು. ನನ್ನ ವಿದ್ಯಾರ್ಥಿಗಳು ನೂರು ಪುಟದ ಒಂದು ವಹಿಯನ್ನು ಆರಂಭಿಸಿದ್ದಾರೆ. ಎಡಪುಟದಲ್ಲಿ ಉಮರಗಾ, ನಿಲಂಗಾ, ಉದಗೀರ ಸೀಮೆಗಳ ಕನ್ನಡದಲ್ಲಿ ರೋಗಗಳ ಮತ್ತು ಆರೋಗ್ಯದ ಕೆಲಸಗಳ ಹೆಸರು. ಬಲಪುಟದಲ್ಲಿ ಅದಕ್ಕೆ ಸರಿಯಾದ ಮರಾಠಿ. ಕೆಲಸಗಳನ್ನು ಗುರಿ, ಕ್ರಿಯೆ, ಸಾಧನ ಎಂದು ಬಿಡಿಸಿ ಬರೆಯಲು ಹೇಳಿದ್ದೇನೆ. ಹುಡುಗರಿಗೆ ಕಾರಕದ ಪಾಠವೂ ಆಗುತ್ತದೆ. 'ಬಾಣಂತಿಗೆ ಕಾವು ಕೊಡುವುದು', 'ಬಾವಿಗೆ ಸುಣ್ಣ ಹಾಕುವುದು', 'ಕೂಸಿಗೆ ದೃಷ್ಟಿ ತೆಗೆಯುವುದು' ಇವೆಲ್ಲ ಅದರಲ್ಲಿ ಬಂದಿವೆ. ಕೊನೆಯದು ಆರೋಗ್ಯಕಾರ್ಯ ಹೌದೋ ಅಲ್ಲವೋ ಎಂದು ತರಗತಿಯಲ್ಲಿ ದೊಡ್ಡ ವಾದವಾಯಿತು; ಸದ್ಯಕ್ಕೆ ಸೀಸದ ಕಡ್ಡಿಯಲ್ಲಿ ಬರೆದಿರಿಸಿದ್ದೇವೆ.

ಆ ವಹಿಯನ್ನು ಇಂದು ತಂದಿದ್ದೇನೆ. ಫಲಾಹಾರದ ಪಕ್ಕದ ಮೇಜಿನ ಮೇಲೆ ಇದೆ, ಲೇಖನಿಯೊಂದಿಗೆ ಇಬ್ಬರು ಹುಡುಗಿಯರು ಕುಳಿತಿದ್ದಾರೆ. ಮುಖ್ಯವಾಗಿ ಅಜ್ಜಿಯರು ಅಲ್ಲಿಗೆ ದಯಮಾಡಿಸಬೇಕೆಂದು ನನ್ನ ಬಿನ್ನಹ. ತಮಗೆ ತಿಳಿದ ಹೆಸರನ್ನು ತಾವು ಆಡುವಂತೆಯೇ ಹೇಳಿರಿ, ಊರಿನ ಹೆಸರನ್ನೂ ಜೊತೆಗೆ ಬರೆಸಿರಿ. ಆ ಹುಡುಗಿಯರು ತಿದ್ದುವುದಿಲ್ಲ. ತಿದ್ದಬಾರದೆಂದು ಹೇಳಿ ಕೂಡಿಸಿದ್ದೇನೆ.